ನಾಲ್ಕನೆಯ ಅಂಕಣ

ಪೋಜ್ನಾನ್ ಊರಾಚೆ
ವಾರ್ತಾ ನದಿ ಹೆಪ್ಪುಗಟ್ಟಿದ ತಿಂಗಳು.
ಕೊಟ್ಟಿಗೆಯೊಳಗೆ ಮಾತ್ರ ಕೆಂಪು ದೀಪದಡಿ
ಮೂವತ್ತೆರಡು ಡಿಗ್ರಿ ಬೇಸಿಗೆ.
ನಾಲ್ಕು ಅಂಕಣ, ನಾಲ್ಕು ಎಣ್ಣೆ:
ಸೋಯಾ, ಸಾಸಿವೆಯ ದಾಯಾದಿ ರೇಪ್, ತಾಳೆ,
ಕೊನೆಗೆ, ಗಾಳಿ ನುಸುಳುವ ಬಾಗಿಲ ಪಕ್ಕ,
ಅಗಸೆ.

ನಾನು ಬೊಗ್ನಾ. ತೂಗುವವಳು.
ಬಂದ ದಿನ ನಲವತ್ತೆರಡು ಗ್ರಾಂ,
ಅಂಗೈಗೆ ಬಿದ್ದ ಒಂದು ಬಿಸಿ ಉಸಿರು, ಅಷ್ಟೆ.
ಏಳನೇ ದಿನ ಮುಷ್ಟಿ ತುಂಬಿತು.
ಇಪ್ಪತ್ತೊಂದಕ್ಕೆ ಎರಡೂ ಕೈ ಬೇಕಾಯಿತು.
ಮೂವತ್ತೈದರಂದು ನೂರರವತ್ತು ಸಲ ಬಗ್ಗಿ ಎದ್ದು
ಗೋಡೆಗೊರಗಿ ಸೊಂಟ ಹಿಡಿದುಕೊಂಡೆ.
ತೂಕ ಏರಿದಷ್ಟೂ ತೂಕಡಿಕೆ ಅವಕ್ಕೆ.
ಕಾಲಿಗೆ ಭಾರವಾದ ಎದೆ ಹೊತ್ತು
ಮೇವಿನ ತಟ್ಟೆಯ ಬದಿಗೇ ಕೂತು
ಕತ್ತು ಚಾಚಿ ತಿನ್ನುತ್ತವೆ,
ತಿಂದಲ್ಲೇ ನಿದ್ದೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಲ್ಲ,
ಉಂಡಾದ ಮೇಲೆ ಮುಚ್ಚಿಕೊಂಡವು.

ಡಾಕ್ಟರ್ ಕೋರ್ನೆಲ್ಯಾ ಕೇಳುವುದು ಒಂದೇ:
ಎಷ್ಟು ತಿಂದಿತು, ಎಷ್ಟು ಆಯಿತು?
ಒಂದೂಮುಕ್ಕಾಲು ಕಿಲೋ ಮೇವು ಒಂದು ಕಿಲೋ ಕೋಳಿ.
ನಾಲ್ಕಂಕಣದಲ್ಲೂ ಹೆಚ್ಚುಕಡಿಮೆ ಅದೇ ಲೆಕ್ಕ.
ಆಕೆ ಪೆನ್ಸಿಲು ಕಚ್ಚಿದಳು.
ನನಗೇಕೋ ಸಮಾಧಾನವಾಯಿತು.

ನಲವತ್ತೆರಡನೇ ದಿನದ ಬಗ್ಗೆ
ಹೆಚ್ಚು ಹೇಳಲಾರೆ.
ಬದುಕಿದ್ದಾಗ ಒಂದಕ್ಕೂ ಕೊಬ್ಬಿರಲಿಲ್ಲ,
ಬಾ ಎಂದರೆ ಬಂದವು, ಕೈಗೆ ಕುಕ್ಕಿದ್ದಿಲ್ಲ.
ಹೊಟ್ಟೆ ಸೀಳಿದಾಗ ಅಂಗೈಯಗಲ ಕೊಬ್ಬು,
ಹಳದಿ, ಬೆಚ್ಚಗೆ.
ಕರಗಿಸಿ ನಾಲ್ಕು ಬಟ್ಟಲಿಗೆ ಹುಯ್ದು
ತಣ್ಣನೆ ಕಪಾಟಿನಲ್ಲಿಟ್ಟೆ.
ಬೆಳಿಗ್ಗೆ ನೋಡಿದರೆ
ತಾಳೆಯದು ಗೋರಿಯ ಮೇಲಿನ ಮೇಣದಂತೆ ಗಟ್ಟಿ,
ಉಗುರೂರಿದರೆ ಗುರುತು ನಿಲ್ಲುತ್ತಿತ್ತು.
ಅಗಸೆಯದು
ಬಟ್ಟಲು ಓರೆ ಮಾಡಿದತ್ತ ಸುಮ್ಮನೆ ಜಾರುತ್ತಿತ್ತು,
ಹೊರಗೆ ನದಿಯೇ ನಿಂತ ಚಳಿಯಲ್ಲಿ.

ರುಚಿ ನೋಡುವ ದಿನ ಹಿಮ ಬಿದ್ದು ಟ್ರಾಮ್ ನಿಂತಿತು.
ಹತ್ತು ನಾಲಿಗೆ ಬೇಕು, ಬಂದದ್ದು ಒಂಬತ್ತು.
ಗೇಟಿನಿಂದ ಗೆರ್ವಾಜಿಯನ್ನು ಎಳೆದು ತಂದೆ,
ಬೂಟು ಬಿಚ್ಚಿಸಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟೆ.
ಮಾಂಸದ ಬಣ್ಣ ಯಾರ ಕಣ್ಣಿಗೂ ಬೀಳಬಾರದೆಂದು
ಇಲ್ಲೂ ಅದೇ ಕೆಂಪು ದೀಪ.
ಮೃದುವೇ, ರಸವಿದೆಯೇ, ವಾಸನೆ ಹೇಗೆ,
ಒಂದರಿಂದ ಒಂಬತ್ತರೊಳಗೆ ಒಂದಂಕಿ ಬರೆಯಿರಿ.
ಉಪ್ಪಿಲ್ಲದ ಎದೆಮಾಂಸದ ತುಣುಕುಗಳನ್ನು
ಎಲ್ಲರೂ ಗಂಭೀರವಾಗಿ ಅಗಿದರು,
ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವವರಂತೆ.

ನಾಲ್ಕನೆಯ ತುಣುಕಿಗೆ
'ಸ್ವಲ್ಪ ಮೀನು' ಎಂದು ಬರೆದವರು ಐವರು.
ಗೆರ್ವಾಜಿ ಅಗಿಯುವುದನ್ನು ನಿಲ್ಲಿಸಿದ.
ಹುಡುಗನಿದ್ದಾಗ ಗಾಣದಲ್ಲಿ ದುಡಿದವನು,
ಈಸ್ಟರಿಗೆ ಮುಂಚಿನ ನಲವತ್ತು ದಿನ
ಬೆಣ್ಣೆಯಿಲ್ಲ, ಹಂದಿಯಿಲ್ಲ,
ಬೆಂದ ಆಲೂಗಡ್ಡೆಯ ಮೇಲೆ ಅಗಸೆ ಎಣ್ಣೆ ಸುರಿದು
ಉಂಡು ಬೆಳೆದವನು.
'ಇದು ಕೋಳಿಯಲ್ಲಮ್ಮ,' ಅಂದ, 'ಇದು ಉಪವಾಸ.'
ಅಂಕಿ ಕೇಳಿದೆ. ಒಂಬತ್ತು ಹಾಕಿದ.
ಎಲ್ಲ ಸಾಲಿಗೂ ಒಂಬತ್ತು.

ಮರುದಿನ ಕೋರ್ನೆಲ್ಯಾ ಆ ಹಾಳೆ ತೆಗೆದಿಟ್ಟಳು:
ಒಬ್ಬ ಕಾವಲುಗಾರನ ಬಾಲ್ಯಕ್ಕೆ
ಇಡೀ ಸರಾಸರಿ ವಾಲಬಾರದಲ್ಲ.
ತಪ್ಪೆನ್ನಲಾರೆ. ನಾನೂ ತೂಗುವವಳೇ.
ವರದಿಯಲ್ಲಿ ಬರೆದದ್ದು ಹೀಗೆ:
ಬೆಳವಣಿಗೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲ.
ಅಗಸೆಯಿಂದ ಕೊಬ್ಬಿನ ಗುಣ ಬದಲು, ಹೃದಯಕ್ಕೆ ಒಳಿತಿರಬಹುದು,
ಕೆಡುವುದು ಬೇಗ, ವಾಸನೆಯ ಬಗ್ಗೆ ಎಚ್ಚರ.

ಸಂಜೆ ಮೂರು ಸಲ ಸೋಪು ಹಚ್ಚಿ ತೊಳೆದ ಕೈಯಲ್ಲೇ
ಕಿಂಗಾಳ ಜಡೆ ಬಿಚ್ಚುತ್ತಿದ್ದೆ.
ತಿರುಗಿ, ನನ್ನ ಅಂಗೈ ಮೂಸಿ ಕೇಳಿದಳು:
'ಇವತ್ತು ಮೀನಾ ಅಮ್ಮಾ?
ಶುಕ್ರವಾರ ನಾಳೆಯಲ್ಲವಾ?'